ದಿ ಸೊಪ್ರಾನೋಸ್, ದಿ ವೈರ್: ಮೊದಲು ಯಾವುದನ್ನು ನೋಡಬೇಕು?

ಎರಡೂ ಅಮೆರಿಕದ ಎಚ್‌ಬಿಒ ವಾಹಿನಿಯ ಧಾರಾವಾಹಿಗಳು, ಎರಡೂ ಅಪರಾಧ ಲೋಕದ ಕಥೆಗಳು; ಆದರೆ ಅವು ಬೇಡುವ ತಾಳ್ಮೆ ಬೇರೆ ಬೇರೆ ಬಗೆಯದು.

1999ರಿಂದ 2007ರವರೆಗೆ 86 ಕಂತುಗಳಲ್ಲಿ ಪ್ರಸಾರವಾದ ‘ದಿ ಸೊಪ್ರಾನೋಸ್’ ಒಬ್ಬನೇ ಮನುಷ್ಯನ ಅಂತರಂಗವನ್ನು ಬಗೆಯುತ್ತದೆ. ನ್ಯೂಜೆರ್ಸಿಯ ಮಾಫಿಯಾ ನಾಯಕ ಟೋನಿ, ಮನೋವೈದ್ಯೆ ಮೆಲ್ಫಿಯ ಎದುರು ಕುಳಿತು ತನ್ನ ತಾಯಿಯ ಬಗ್ಗೆ ಮಾತನಾಡುವ ದೃಶ್ಯಗಳೇ ಅದರ ಜೀವಾಳ. ಜೇಮ್ಸ್ ಗ್ಯಾಂಡಾಲ್ಫಿನಿಯ ಅಭಿನಯದಲ್ಲಿ ಕ್ರೌರ್ಯವೂ ಅಸಹಾಯಕತೆಯೂ ಒಂದೇ ಕಣ್ಣೋಟದಲ್ಲಿ ಸುಳಿದು ಹೋಗುತ್ತವೆ. ಮೊದಲ ಕಂತಿನಿಂದಲೇ ಕಥೆ ಹಿಡಿದು ಕೂರಿಸುತ್ತದೆ.

‘ದಿ ವೈರ್’ನಲ್ಲಿ (2002–2008, 60 ಕಂತುಗಳು) ಅಂಥ ನಾಯಕನಿಲ್ಲ, ಬಾಲ್ಟಿಮೋರ್ ನಗರವೇ ಕಥಾವಸ್ತು. ಅಲ್ಲಿನ ಪತ್ರಿಕೆಯೊಂದರಲ್ಲಿ ಅಪರಾಧ ವರದಿಗಾರರಾಗಿದ್ದ ಡೇವಿಡ್ ಸೈಮನ್, ಪೊಲೀಸ್ ಪತ್ತೇದಾರರಾಗಿದ್ದು ಬಳಿಕ ಶಾಲಾ ಶಿಕ್ಷಕರಾದ ಎಡ್ ಬರ್ನ್ಸ್ ಜೊತೆಗೂಡಿ ಕಟ್ಟಿದ ಈ ಕೃತಿ ಮಾದಕವಸ್ತು ವ್ಯಾಪಾರದಿಂದ ಆರಂಭಿಸಿ ಬಂದರು, ರಾಜಕೀಯ, ಶಾಲೆ, ಪತ್ರಿಕಾಲಯ ಎಂದು ಸರಣಿಯಿಂದ ಸರಣಿಗೆ (ಸೀಸನ್‌ನಿಂದ ಸೀಸನ್‌ಗೆ) ತನ್ನ ನೋಟವನ್ನು ವಿಸ್ತರಿಸಿಕೊಳ್ಳುತ್ತದೆ. ನಾಲ್ಕನೆಯ ಸರಣಿಯಲ್ಲಿ ನಾಲ್ವರು ಹುಡುಗರನ್ನು ಶಾಲೆಯೂ ಬೀದಿಯೂ ಎರಡು ಕಡೆಯಿಂದ ಎಳೆಯುವ ರೀತಿಗೆ ಸಾಟಿಯಾದುದನ್ನು ನಾನು ಕಿರುತೆರೆಯಲ್ಲಿ ಬೇರೆಲ್ಲೂ ಕಂಡಿಲ್ಲ. ‘ದಿ ವೈರ್’ಗೆ ಅಮೆರಿಕದ ಕಿರುತೆರೆಯ ಪ್ರತಿಷ್ಠಿತ ಎಮ್ಮಿ ಪ್ರಶಸ್ತಿ ಒಂದೂ ಬರಲಿಲ್ಲವೆಂಬುದು ನನಗೆ ಇಂದಿಗೂ ನೋವಿನ ಸಂಗತಿ. ‘ದಿ ಸೊಪ್ರಾನೋಸ್’ಗೆ 21 ಬಂದವು.

ನನ್ನ ಆಯ್ಕೆ ‘ದಿ ವೈರ್’. ಆದರೆ ಅದರ ಬೀದಿಮಾತು ಕಿವಿಗೆ ಒಗ್ಗಲು ಸಮಯ ಬೇಕು. ಆದ್ದರಿಂದ ಉಪಶೀರ್ಷಿಕೆಗಳನ್ನು ಹಾಕಿಕೊಂಡು ಕನಿಷ್ಠ ನಾಲ್ಕು ಕಂತುಗಳನ್ನು ನೋಡುವ ವ್ಯವಧಾನವಿದ್ದವರು ಅದನ್ನೇ ಮೊದಲು ಆರಿಸಿಕೊಳ್ಳಲಿ. ದಿನದ ಕೆಲಸ ಮುಗಿಸಿ ದಣಿದು ಕೂರುವವರು ಟೋನಿಯ ಮನೆಯಿಂದ ಆರಂಭಿಸುವುದು ಒಳ್ಳೆಯದು.