ಪಿಜಿವೆಕ್ಟರ್ ವಿಮರ್ಶೆ: ಶಿಫಾರಸು ಎಂಜಿನ್ ಎಲ್ಲಿ ನಿಧಾನವಾಗುತ್ತದೆ

ಪೋಸ್ಟ್‌ಗ್ರೆಸ್ ಡೇಟಾಬೇಸ್ ಈಗಾಗಲೇ ಓಡುತ್ತಿದ್ದರೆ, ಹೋಲುವ ಸರಕುಗಳನ್ನು ಸೂಚಿಸುವ ಶಿಫಾರಸು ಎಂಜಿನ್ನಿಗೆ ಅದರೊಳಗೇ ವೆಕ್ಟರ್ ಹುಡುಕಾಟ ಸೇರಿಸುವ ಪಿಜಿವೆಕ್ಟರ್ ಎಕ್ಸ್‌ಟೆನ್ಶನ್ ನಿಜಕ್ಕೂ ಒಳ್ಳೆಯ ಆಯ್ಕೆ. ಸರಕು, ಸ್ಟಾಕ್, ಎಂಬೆಡಿಂಗ್ (ಸರಕಿನ ಗುಣಗಳನ್ನು ಸಂಖ್ಯೆಗಳ ಪಟ್ಟಿಯಾಗಿಸಿದ ವೆಕ್ಟರ್) ಎಲ್ಲ ಒಂದೇ ಕಡೆ ಇರುತ್ತವೆ. ನೇರವಾಗಿ ಜಾಯಿನ್ ಮಾಡಬಹುದು, ಬ್ಯಾಕಪ್ಪೂ ಒಂದೇ. ನಿಧಾನ ಎಂಬ ದೂರೇನೋ ಇದೆ. ಹೆಚ್ಚಿನ ಸಲ ಅದರ ಬೇರು ಕ್ವೆರಿ ಬರೆದ ರೀತಿಯಲ್ಲಿ ಮತ್ತು ಮುಟ್ಟದೇ ಬಿಟ್ಟ ಡೀಫಾಲ್ಟ್‌ಗಳಲ್ಲಿರುತ್ತದೆ.

ಮೊದಲು, ಕ್ವೆರಿ ಹೇಗೆ ಓಡುತ್ತದೆಂದು ತೋರಿಸುವ ಎಕ್ಸ್‌ಪ್ಲೇನ್ ಜೊತೆ ಅನಲೈಸ್, ಬಫರ್ಸ್ ಸೇರಿಸಿ ಓಡಿಸಿ. ಸೀಕ್ವೆನ್ಶಿಯಲ್ ಸ್ಕ್ಯಾನ್ (ಟೇಬಲಿನ ಎಲ್ಲ ಸಾಲುಗಳನ್ನೂ ಓದುವುದು) ಕಂಡರೆ ಇಂಡೆಕ್ಸ್ ಇದ್ದೂ ಇಲ್ಲದಂತೆ. ಎರಡು ವೆಕ್ಟರ್‌ಗಳ ನಡುವಿನ ದೂರವನ್ನು ಒಂದರಿಂದ ಕಳೆದು ಹೋಲಿಕೆಯ ಅಂಕ ಮಾಡಿಕೊಂಡು ಇಳಿಕೆ ಕ್ರಮದಲ್ಲಿ ಜೋಡಿಸಿದರೆ ಹೀಗಾಗುತ್ತದೆ. ಆರ್ಡರ್ ಬೈ ಪಕ್ಕದಲ್ಲಿ ದೂರದ ಆಪರೇಟರ್ ಮಾತ್ರ ಇರಲಿ, ಏರಿಕೆ ಕ್ರಮದಲ್ಲಿ, ಲಿಮಿಟ್ ಸಮೇತ. ಕ್ವೆರಿಯಲ್ಲಿ ಕೊಸೈನ್ ದೂರ ಇದ್ದರೆ ಇಂಡೆಕ್ಸಿನ ಆಪರೇಟರ್ ಕ್ಲಾಸೂ (ಯಾವ ಬಗೆಯ ದೂರಕ್ಕೆ ಕಟ್ಟಿದ್ದು ಎಂಬುದು) ಕೊಸೈನೇ ಆಗಿರಬೇಕು.

ಅತಿ ಹೆಚ್ಚು ಕಾಡುವುದು ಫಿಲ್ಟರ್. ವೆಕ್ಟರ್‌ಗಳನ್ನು ಗ್ರಾಫಾಗಿ ಜೋಡಿಸಿಡುವ ಎಚ್‌ಎನ್‌ಎಸ್‌ಡಬ್ಲ್ಯೂ ಇಂಡೆಕ್ಸಿನಲ್ಲಿ ಈಎಫ್ ಸರ್ಚ್ (ಹುಡುಕುವಾಗ ಎಷ್ಟು ಸಾಲು ಆರಿಸಿಟ್ಟುಕೊಳ್ಳಬೇಕು ಎಂಬ ಸಂಖ್ಯೆ) ಡೀಫಾಲ್ಟ್ 40. ಇಂಡೆಕ್ಸ್ ಆ 40 ಸಾಲುಗಳನ್ನು ಆರಿಸಿಕೊಟ್ಟ ಮೇಲಷ್ಟೇ ವೇರ್ ಷರತ್ತು ಕೆಲಸಕ್ಕೆ ಇಳಿಯುತ್ತದೆ. ಶೇ. 10ರಷ್ಟು ಸರಕು ಮಾತ್ರ ಸ್ಟಾಕಿನಲ್ಲಿದ್ದರೆ ಕೈಗೆ ಸಿಗುವುದು ಸರಾಸರಿ 4. ಲಿಮಿಟ್ 20 ಕೇಳಿದವರು ಗಾಬರಿಯಾಗಿ ಈಎಫ್ ಸರ್ಚನ್ನು 400ಕ್ಕೆ ಏರಿಸುತ್ತಾರೆ. ಅಲ್ಲಿಂದ ಫಿಲ್ಟರ್ ಇಲ್ಲದ ಕ್ವೆರಿಯೂ ಕುಂಟತೊಡಗುತ್ತದೆ. 0.8.0 ಆವೃತ್ತಿಯ ಇಟರೇಟಿವ್ ಸ್ಕ್ಯಾನ್ ಈ ತೊಡಕಿಗೇ ಬಂದದ್ದು: ಆನ್ ಮಾಡಿಟ್ಟರೆ, ಸಿಕ್ಕ ಸಾಲುಗಳು ಸಾಲದಿದ್ದಾಗ ತಾನೇ ಮುಂದಕ್ಕೆ ಹುಡುಕುತ್ತದೆ, ಡೀಫಾಲ್ಟ್ ಮಿತಿ ಸುಮಾರು 20,000 ಸಾಲು. ಕ್ರಮ ತುಸು ಹೆಚ್ಚುಕಮ್ಮಿಯಾದರೂ ನಡೆಯುವುದಾದರೆ ರಿಲ್ಯಾಕ್ಸ್ಡ್ ಆರ್ಡರ್ ಇಡಿ. ಫಿಲ್ಟರ್ ದಾಟುವುದು ಬೆರಳೆಣಿಕೆಯ ಸಾಲುಗಳಾದರೆ ಆ ಕಾಲಂಗೆ ಬಿ-ಟ್ರೀ ಇಂಡೆಕ್ಸ್ ಸಾಕು, ಉಳಿದವನ್ನು ನಿಖರವಾಗಿಯೇ ಅಳೆಯಬಹುದು. ಹಳೆಯ ಆವೃತ್ತಿಯಲ್ಲಿರುವವರು ಇದೊಂದಕ್ಕಾಗಿಯೇ ಅಪ್‌ಗ್ರೇಡ್ ಮಾಡಬೇಕು.

ಇನ್ನು ಮೆಮೊರಿ. 768 ಆಯಾಮದ ಒಂದು ವೆಕ್ಟರ್ 3,080 ಬೈಟ್; 10 ಲಕ್ಷ ಸರಕಿಗೆ ಇಂಡೆಕ್ಸೊಂದೇ 3 ಜಿಬಿ ಮೀರುತ್ತದೆ. ಪೋಸ್ಟ್‌ಗ್ರೆಸ್ ಡೇಟಾವನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವ ಶೇರ್ಡ್ ಬಫರ್ಸ್ ಡೀಫಾಲ್ಟ್ 128 ಎಂಬಿ. ಎಕ್ಸ್‌ಪ್ಲೇನ್ ತೋರಿಸುವ ಬಫರ್ಸ್ ಸಾಲಿನಲ್ಲಿ ಹಿಟ್‌ಗಿಂತ (ಬಫರಿನಲ್ಲೇ ಸಿಕ್ಕದ್ದು) ರೀಡ್ (ಹೊರಗಿಂದ ತಂದದ್ದು) ಸಂಖ್ಯೆಯೇ ಮತ್ತೆ ಮತ್ತೆ ದೊಡ್ಡದಿದ್ದರೆ ಇಂಡೆಕ್ಸ್ ಆ ಬಫರಿನಲ್ಲಿ ಹಿಡಿಸುತ್ತಿಲ್ಲದಿರುವ ಸಾಧ್ಯತೆ ಹೆಚ್ಚು. ಅರೆ ನಿಖರತೆಯ ಹಾಫ್‌ವೆಕ್ ವಿಧ ಬಳಸಿದರೆ ವೆಕ್ಟರಿನ ಗಾತ್ರ ಅರ್ಧಕ್ಕಿಳಿಯುತ್ತದೆ. ರೀಸ್ಟಾರ್ಟ್ ಆದ ಮೇಲಿನ ಮೊದಲ ಕ್ವೆರಿಗಳು ಎಳೆಯುತ್ತಿದ್ದರೆ, ಇಂಡೆಕ್ಸನ್ನು ಮುಂಚೆಯೇ ಮೆಮೊರಿಗೆ ತುಂಬುವ ಪಿಜಿ-ಪ್ರೀವಾರ್ಮ್ ಓಡಿಸಿ. ಇಂಡೆಕ್ಸ್ ಕಟ್ಟುವಾಗ ಗ್ರಾಫ್ ಮೆಯಿಂಟೆನೆನ್ಸ್ ವರ್ಕ್ ಮೆಮ್‌ನಲ್ಲಿ (ಇಂಥ ಕೆಲಸಕ್ಕೆ ಬಳಸಬಹುದಾದ ಮೆಮೊರಿಯ ಮಿತಿ) ಹಿಡಿಸುತ್ತಿಲ್ಲ ಎಂಬ ನೋಟಿಸ್ ಬಂದರೆ ಕೂಡಲೇ ನಿಲ್ಲಿಸಿ, ಅದನ್ನು ಏರಿಸಿ ಮತ್ತೆ ಕಟ್ಟಿ. ಅದರ ಡೀಫಾಲ್ಟ್ 64 ಎಂಬಿ ಇಷ್ಟು ದೊಡ್ಡ ಇಂಡೆಕ್ಸಿಗೆ ಸಾಲದು.

ವೆಕ್ಟರ್‌ಗಳನ್ನು ಗುಂಪುಗಳಾಗಿ (ಲಿಸ್ಟ್ಸ್) ಹಂಚುವ ಇನ್ನೊಂದು ಇಂಡೆಕ್ಸ್ ಐವಿಎಫ್‌ಫ್ಲಾಟ್ ಬೇಗ ಕಟ್ಟಿಯಾಗುತ್ತದೆ, ಆದರೆ ಪ್ರೋಬ್ಸ್ (ಹುಡುಕುವ ಗುಂಪುಗಳ ಸಂಖ್ಯೆ) ಡೀಫಾಲ್ಟ್ ಆದ 1ರಲ್ಲೇ ಬಿಟ್ಟರೆ ಶಿಫಾರಸುಗಳ ಗುಣಮಟ್ಟ ಕುಸಿಯುತ್ತದೆ. ಪ್ರೋಬ್ಸನ್ನು ಲಿಸ್ಟ್ಸ್‌ ಸಂಖ್ಯೆಯ ವರ್ಗಮೂಲದಿಂದ ಶುರುಮಾಡಿ.

ದಿನವೂ ಎಲ್ಲ ಎಂಬೆಡಿಂಗ್ ತಿದ್ದಿ ಬರೆಯುವವರಿಗೆ ಮಾತ್ರ ಇದನ್ನು ಹಿಂಜರಿದೇ ಸೂಚಿಸಬೇಕಾಗುತ್ತದೆ. ಸತ್ತ ಸಾಲುಗಳು (ತಿದ್ದಿದ ಮೇಲೆ ಉಳಿಯುವ ಹಳೆಯ ಪ್ರತಿಗಳು) ಗುಡ್ಡೆ ಬೀಳುತ್ತವೆ, ಅವನ್ನು ಗುಡಿಸುವ ವ್ಯಾಕ್ಯೂಮ್ ಎಚ್‌ಎನ್‌ಎಸ್‌ಡಬ್ಲ್ಯೂ ಮೇಲೆ ತೆವಳುತ್ತದೆ. ಮೊದಲು ರೀಇಂಡೆಕ್ಸ್ ಕನ್‌ಕರೆಂಟ್ಲಿ (ಬಳಕೆ ನಿಲ್ಲಿಸದೆ ಇಂಡೆಕ್ಸ್ ಮತ್ತೆ ಕಟ್ಟುವುದು), ಆಮೇಲೆ ವ್ಯಾಕ್ಯೂಮ್. ಈ ಕ್ರಮದಲ್ಲಿ ಮಾಡಿದರೆ ಕೆಲಸ ಬೇಗ ಮುಗಿಯುತ್ತದೆ.