ಒಂದೇ ಹೆಸರಿನ ನಾಲ್ಕು ತಂತ್ರಾಂಶ: ಮುಂಗಡ ಕೊಡುವ ಮುನ್ನ ಓದಿ

ಬಿಲ್ಲಿಂಗ್, ದಾಸ್ತಾನು, ಮಾಲು ವಾಪಸಾತಿ, ತೆರಿಗೆ ವರದಿ ಎಲ್ಲವೂ ಸೇರಿದ ಸಾಫ್ಟ್‌ವೇರ್ ಸಮೂಹವೊಂದನ್ನು ಅಂಗಡಿಗೋ ಕಚೇರಿಗೋ ಕೊಳ್ಳಬೇಕೆಂದಿರುವವರು ದಯವಿಟ್ಟು ಈ ಬರಹವನ್ನು ಪೂರ್ತಿ ಓದಿ, ಆಮೇಲೆ ಮುಂಗಡ ಕೊಡಿ. ದಾವಣಗೆರೆಯಲ್ಲಿ ಬಟ್ಟೆಯ ಸಗಟು ವ್ಯಾಪಾರ ಮಾಡುವ ನಮ್ಮ ಪಾಲುದಾರಿಕೆ ಸಂಸ್ಥೆ ಅಂಥದೊಂದನ್ನು ಕೊಂಡಿತು. ನಾಲ್ಕೂ ಮಾಡ್ಯೂಲ್‌ಗಳು ಒಂದೇ ಕಂಪನಿಯವು, ಒಂದನ್ನು ಕಲಿತರೆ ಉಳಿದವು ತಾವಾಗಿಯೇ ಬರುತ್ತವೆ ಎಂದು ಡೀಲರ್ ಹೇಳಿದ್ದರು. ಆ ಮಾತು ನಿಜವಾಗಿರಲಿಲ್ಲ. ಅದರ ಕಷ್ಟವನ್ನು ಉಂಡವರು ನಮ್ಮ ಗುಮಾಸ್ತರು ಮತ್ತು ನಮ್ಮನ್ನು ನಂಬಿದ ಗಿರಾಕಿಗಳು. ಕಂಪನಿಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ, ಏಕೆಂದರೆ ಈ ದೋಷ ಒಂದು ಕಂಪನಿಗೆ ಮಾತ್ರ ಸೀಮಿತವಾದದ್ದಲ್ಲ.

ಮೊದಲು ಎಸ್ಕೇಪ್ ಕೀಲಿಯ ವಿಚಾರ. ಬಿಲ್ಲಿಂಗ್ ಮಾಡ್ಯೂಲ್‌ನಲ್ಲಿ ಬಿಲ್ ಬರೆದು ಎಸ್ಕೇಪ್ ಒತ್ತಿದರೆ ಪರದೆಯ ನಡುವೆ ಬೂದು ಬಣ್ಣದ ಚೌಕವೊಂದು ತೆರೆದು, ಬದಲಾವಣೆಗಳನ್ನು ಉಳಿಸಬೇಕೇ ಎಂದು ಕೇಳುತ್ತದೆ. ‘ಹೌದು’ ಎಂಬುದು ಮೊದಲೇ ಆಯ್ಕೆಯಾಗಿರುವುದರಿಂದ ಎಂಟರ್ ಒತ್ತಿದರೆ ಬಿಲ್ ಉಳಿಯುತ್ತದೆ. ದಾಸ್ತಾನಿನ ಮಾಡ್ಯೂಲ್‌ನಲ್ಲಿಯೂ ಅದೇ ಕೀಲಿಗೆ ಅದೇ ಬಣ್ಣದ, ಅದೇ ಅಳತೆಯ ಚೌಕ ಅದೇ ಜಾಗದಲ್ಲಿ ತೆರೆಯುತ್ತದೆ, ‘ಹೌದು’ ಎಂಬುದೇ ಆಯ್ಕೆಯಾಗಿರುತ್ತದೆ, ಆದರೆ ಕೇಳುವುದು ಮಾತ್ರ ಬದಲಾವಣೆಗಳನ್ನು ಕೈಬಿಡಬೇಕೇ ಎಂದು. ಬೆಳಗಿನಿಂದ ಬಿಲ್ ಬರೆದ ಕೈ, ಲಾರಿಯಿಂದ ಇಳಿದ ಮಾಲನ್ನು ದಾಸ್ತಾನಿಗೆ ಏರಿಸಲು ಕುಳಿತಾಗಲೂ ಎಸ್ಕೇಪ್, ಎಂಟರ್ ಎಂದು ಒಂದೇ ಬೀಸಿನಲ್ಲಿ ಒತ್ತುತ್ತದೆ. ಆ ಕ್ಷಣಕ್ಕೆ ಇಡೀ ನಮೂದು ಅಳಿದುಹೋಗುತ್ತದೆ, ಅಳಿಯಿತೆಂಬ ಸೂಚನೆಯೂ ಬರುವುದಿಲ್ಲ. ಗೋದಾಮಿನಲ್ಲಿ ಕಣ್ಣೆದುರೇ ಇರುವ ಥಾನುಗಳು ಕಂಪ್ಯೂಟರಿನಲ್ಲಿ ಕಾಣದಿದ್ದಾಗಷ್ಟೇ ವಿಷಯ ತಿಳಿಯುತ್ತದೆ. ನಿಮ್ಮ ಸಿಬ್ಬಂದಿಗೆ ಗಮನ ಸಾಲದು ಎಂದು ಡೀಲರ್ ಹೇಳಿದರು; ಅದನ್ನು ನಾನು ಅಂದೂ ಒಪ್ಪಲಿಲ್ಲ, ಇಂದೂ ಒಪ್ಪುವುದಿಲ್ಲ. ಕೆಲಸದಲ್ಲಿ ಪಳಗಿದವರೇ ಇಲ್ಲಿ ಹೆಚ್ಚು ಎಡವುತ್ತಾರೆ, ಏಕೆಂದರೆ ಅವರ ಬೆರಳುಗಳು ಪರದೆಯ ಅಕ್ಷರಗಳಿಗಾಗಿ ಕಾಯುವುದಿಲ್ಲ.

ರದ್ದತಿಯ ಕಥೆಯೂ ಇಂಥದ್ದೇ. ಬಿಲ್ಲಿಂಗ್‌ನಲ್ಲಿ ಎಫ್8 ಒತ್ತಿದರೆ ಬಿಲ್ ರದ್ದಾಗುತ್ತದೆ, ಸಂಖ್ಯೆ ಮಾತ್ರ ಪುಸ್ತಕದಲ್ಲಿ ಉಳಿಯುತ್ತದೆ. ವಾಪಸಾತಿ ಮಾಡ್ಯೂಲ್‌ನಲ್ಲಿ ಅದೇ ಕೀಲಿ, ಮಾಲು ವಾಪಸ್ ಬಂದಾಗ ಗಿರಾಕಿಗೆ ಕೊಡುವ ಕ್ರೆಡಿಟ್ ನೋಟನ್ನು ಸಂಖ್ಯೆಯ ಸಮೇತ ಅಳಿಸಿಹಾಕುತ್ತದೆ. ಜಿಎಸ್‌ಟಿ ನಿಯಮದ ಪ್ರಕಾರ ಈ ದಾಖಲೆಗಳ ಸಂಖ್ಯೆಗಳು ಅನುಕ್ರಮವಾಗಿರಬೇಕು. ಮಾರಾಟದ ವಿವರ ಸಲ್ಲಿಸುವ ರಿಟರ್ನ್ ಆದ ಜಿಎಸ್‌ಟಿಆರ್-1ರ 13ನೇ ಕೋಷ್ಟಕದಲ್ಲಿ ಎಷ್ಟು ದಾಖಲೆ ಹೊರಡಿಸಿದ್ದೇವೆ, ಎಷ್ಟು ರದ್ದಾಗಿವೆ ಎಂದು ತೋರಿಸಬೇಕು. ನಡುವೆ ಒಂದು ಸಂಖ್ಯೆಯೇ ಕಾಣೆಯಾದರೆ ಲೆಕ್ಕಪರಿಶೋಧಕರಿಗೆ ಏನು ಹೇಳುವುದು?

ಇವೆರಡನ್ನೂ ಹೇಗೋ ಸಹಿಸಿಕೊಳ್ಳಬಹುದಿತ್ತು. ನಿಜವಾದ ನಷ್ಟ ಮಾಡಿದ್ದು ದಿನಾಂಕ. ಬಿಲ್ಲಿಂಗ್ ಮಾಡ್ಯೂಲ್ ದಿನಾಂಕವನ್ನು ನಾವೆಲ್ಲ ಬರೆಯುವಂತೆ ದಿನ, ತಿಂಗಳು, ವರ್ಷ ಎಂದು ಇಟ್ಟುಕೊಳ್ಳುತ್ತದೆ. ವರದಿಯ ಮಾಡ್ಯೂಲ್ ಮಾತ್ರ ವಿಂಡೋಸ್‌ನ ಪ್ರಾದೇಶಿಕ ಸೆಟ್ಟಿಂಗ್ ಹೇಳಿದಂತೆ ಕೇಳುತ್ತದೆ, ಮತ್ತು ಹೊಸದಾಗಿ ಬಂದ ಕಂಪ್ಯೂಟರಿನಲ್ಲಿ ಅದು ಅಮೆರಿಕದ ಪದ್ಧತಿಯಲ್ಲಿತ್ತು, ಅಂದರೆ ತಿಂಗಳು ಮೊದಲು, ದಿನ ಆಮೇಲೆ. ಹೀಗಾಗಿ ಜೂನ್ 5ರ ಬಿಲ್ ವರದಿಯಲ್ಲಿ ಮೇ 6ರದ್ದಾಯಿತು, ಜೂನ್ 4ರದ್ದು ಏಪ್ರಿಲ್ 6ಕ್ಕೆ ಹೋಯಿತು, ಜೂನ್ 1ರದ್ದು ಜನವರಿ 6ಕ್ಕೆ, ಅಂದರೆ ಹಿಂದಿನ ಆರ್ಥಿಕ ವರ್ಷಕ್ಕೇ ಜಾರಿತು. 13ರಿಂದ ಮುಂದಿನ ದಿನಾಂಕಗಳನ್ನು ತಿಂಗಳೆಂದು ಓದಲು ಸಾಧ್ಯವೇ ಇಲ್ಲದ್ದರಿಂದ ಅವುಗಳನ್ನು ಮಾಡ್ಯೂಲ್ ತಾನೇ ತಿರುಗಿಸಿ ಸರಿಯಾಗಿ ಓದಿಕೊಂಡಿತು. 6ನೇ ತಾರೀಖಿನದು ಎರಡೂ ಕಡೆಯಿಂದ ಒಂದೇ ಆದ್ದರಿಂದ ತನ್ನ ಜಾಗದಲ್ಲೇ ಉಳಿಯಿತು. ಎಲ್ಲವೂ ತಪ್ಪಾಗಿದ್ದರೆ ಯಾರ ಕಣ್ಣಿಗಾದರೂ ಬೀಳುತ್ತಿತ್ತು. ಬಹುಪಾಲು ಸರಿಯಾಗಿದ್ದು ಉಳಿದದ್ದು ಸದ್ದಿಲ್ಲದೆ ಚದುರಿಹೋದದ್ದೇ ಇದರ ಅಪಾಯ.

ಶಾಲೆಗಳು ತೆರೆಯುವ ಆ ದಿನಗಳಲ್ಲಿ ನಮ್ಮಲ್ಲಿ ಸಮವಸ್ತ್ರದ ಬಟ್ಟೆಯ ವ್ಯಾಪಾರ ಜೋರಾಗಿರುತ್ತದೆ. ಹೀಗೆ ಬೇರೆ ತಿಂಗಳಿಗೆ ಚದುರಿದ ಅಷ್ಟೂ ಬಿಲ್‌ಗಳು ಜೂನ್ ತಿಂಗಳ ರಿಟರ್ನ್‌ನಿಂದ ಹೊರಗೆ ಉಳಿದವು. ಮಾರಿದವರು ಜಿಎಸ್‌ಟಿಆರ್-1ರಲ್ಲಿ ತೋರಿಸದ ಬಿಲ್ ಕೊಂಡವರ ಜಿಎಸ್‌ಟಿಆರ್-2ಬಿಯಲ್ಲಿ, ಅಂದರೆ ಜಿಎಸ್‌ಟಿ ಪೋರ್ಟಲ್ ತಾನೇ ತಯಾರಿಸುವ ಅವರ ಖರೀದಿಯ ಪಟ್ಟಿಯಲ್ಲಿ, ಕಾಣಿಸುವುದಿಲ್ಲ, ಅಲ್ಲಿ ಕಾಣಿಸದ ತೆರಿಗೆಯನ್ನು ಅವರು ತಮ್ಮ ಬಾಕಿಗೆ ವಜಾ ಮಾಡಿಕೊಳ್ಳುವಂತಿಲ್ಲ. ಹರಿಹರದಿಂದ, ಚಿತ್ರದುರ್ಗದಿಂದ ವ್ಯಾಪಾರಿಗಳು ಫೋನ್ ಮಾಡಿ, ‘ಅಣ್ಣಾ, ನಿಮ್ಮ ಬಿಲ್ ಪೋರ್ಟಲ್‌ನಲ್ಲಿ ಬಂದಿಲ್ಲ, ಬರುವವರೆಗೆ ಪೇಮೆಂಟ್ ತಡೆಯುತ್ತೇವೆ’ ಎಂದರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ವರ್ಷದ ವಹಿವಾಟು 5 ಕೋಟಿ ರೂಪಾಯಿ ಮೀರಿದವರಿಗೆ ಇ-ಇನ್‌ವಾಯ್ಸ್, ಅಂದರೆ ಬಿಲ್ಲನ್ನು ಸರ್ಕಾರಿ ಪೋರ್ಟಲ್‌ನಲ್ಲಿ ನೋಂದಾಯಿಸುವುದು, ಕಡ್ಡಾಯವಾಗಿರುವುದರಿಂದ ಅಂಥವರ ಬಿಲ್ ವಿವರಗಳು ಪೋರ್ಟಲ್‌ಗೆ ಮೊದಲೇ ತಲುಪಿರುತ್ತವೆ, ತಾಳೆ ನೋಡಬಹುದು. ನಮ್ಮಂಥ ಸಣ್ಣವರಿಗೆ ಆ ಆಸರೆ ಇಲ್ಲ. ಮುಂದಿನ ರಿಟರ್ನ್‌ನಲ್ಲಿ ಸೇರಿಸಿ, ಕಡಿಮೆ ಕಟ್ಟಿದ ತೆರಿಗೆಗೆ ಬಡ್ಡಿ ತೆತ್ತು ಸರಿಪಡಿಸಿದೆವು. ತಡವಾದ ಹಣವೇನೋ ಬಂದಿತು. ಹಳೆಯ ಗಿರಾಕಿಗಳಲ್ಲಿ ಕೆಲವರು ಈಗಲೂ ಪ್ರತಿ ಬಿಲ್ಲನ್ನು ಪೋರ್ಟಲ್‌ನಲ್ಲಿ ನೋಡಿದ ಮೇಲೆಯೇ ಹಣ ಕಳಿಸುತ್ತಾರೆ.

ಕಾರಣ ಕೇಳಿದಾಗ ಕಂಪನಿಯ ಬೆಂಬಲ ವಿಭಾಗದವರು ಕೊಟ್ಟ ಉತ್ತರ ಪ್ರಾಮಾಣಿಕವಾಗಿತ್ತು: ದಾಸ್ತಾನು ಮತ್ತು ವರದಿಯ ಮಾಡ್ಯೂಲ್‌ಗಳನ್ನು ಬೇರೆ ಬೇರೆ ತಂಡಗಳು ಬೇರೆ ಬೇರೆ ಕಾಲದಲ್ಲಿ ಬರೆದಿದ್ದವು, ನಂತರ ಅವಕ್ಕೆಲ್ಲ ಒಂದೇ ಲೋಗೋ ಮತ್ತು ಒಂದೇ ಬಣ್ಣ ಹಚ್ಚಲಾಯಿತು. ಹೊರಗಿನ ರೂಪ ಒಂದಾಗಿ ಒಳಗಿನ ನಡವಳಿಕೆ ಬೇರೆಯಾಗಿರುವುದು, ರೂಪವೂ ಬೇರೆಯಾಗಿರುವುದಕ್ಕಿಂತ ಕೆಟ್ಟದ್ದು ಎಂಬುದು ನನ್ನ ಖಚಿತ ಅಭಿಪ್ರಾಯ. ಪರದೆ ಬೇರೆಯಾಗಿ ಕಂಡರೆ ಮನುಷ್ಯ ಒಂದು ಕ್ಷಣ ನಿಂತು ನೋಡುತ್ತಾನೆ.

ದೊಡ್ಡ ಕಂಪನಿಗಳ ತಂತ್ರಾಂಶಗಳಲ್ಲಿಯೂ ಇಂಥ ವ್ಯತ್ಯಾಸಗಳಿವೆ. ವರ್ಡ್ ಮತ್ತು ಎಕ್ಸೆಲ್‌ಗಳಲ್ಲಿ ಕಂಟ್ರೋಲ್ ಮತ್ತು ಎಫ್ ಒತ್ತಿದರೆ ಹುಡುಕುವ ಕಿಂಡಿ ತೆರೆಯುತ್ತದೆ, ಅದೇ ಆಫೀಸ್ ಸಮೂಹದ ಹಳೆಯ ಔಟ್‌ಲುಕ್‌ನಲ್ಲಿ ಮೇಲ್ ಬೇರೊಬ್ಬರಿಗೆ ಫಾರ್ವರ್ಡ್ ಆಗಲು ಸಿದ್ಧವಾಗುತ್ತದೆ. ಎಕ್ಸೆಲ್‌ನಲ್ಲಿ ಹಲವು ಫೈಲ್‌ಗಳು ತೆರೆದಿರುವಾಗ ಕಂಟ್ರೋಲ್ ಮತ್ತು ಝಡ್ ಒತ್ತುತ್ತ ಹೋದರೆ ನೀವು ನೋಡುತ್ತಿರದ ಫೈಲಿನ ಬದಲಾವಣೆಯೂ ಹಿಂದಕ್ಕೆ ಹೋಗಬಹುದು, ವರ್ಡ್‌ನಲ್ಲಿ ಹಾಗಾಗುವುದಿಲ್ಲ. ಅಡೋಬಿಯ ಇಲ್ಲಸ್ಟ್ರೇಟರ್‌ನಲ್ಲಿ ಅದೇ ಕೀಲಿಗಳು ಹೆಜ್ಜೆ ಹೆಜ್ಜೆಯಾಗಿ ಹಿಂದೆ ಕರೆದೊಯ್ಯುತ್ತಿದ್ದರೆ, ಅದೇ ಕಂಪನಿಯ ಫೋಟೋಶಾಪ್‌ನಲ್ಲಿ 2018ರ ಅಕ್ಟೋಬರ್‌ವರೆಗೆ ಕೊನೆಯ ಒಂದು ಹೆಜ್ಜೆಯಷ್ಟೇ ಹಿಂದೆ ಮುಂದೆ ಆಗುತ್ತಿತ್ತು. ಒಂದೇ ಕ್ರಿಯೆಗೆ ಎಲ್ಲೆಡೆ ಒಂದೇ ಅರ್ಥವಿರಬೇಕು, ಬಳಸುವವರು ಅದನ್ನು ಊಹಿಸುವಂತಾಗಬಾರದು ಎಂಬ ಏಕರೂಪತೆಯ ತತ್ವ 1994ರಲ್ಲಿ ತಂತ್ರಾಂಶಗಳ ಬಳಕೆಯ ಸುಲಭತೆಯ ತಜ್ಞ ಯಾಕೋಬ್ ನೀಲ್ಸನ್ ಪಟ್ಟಿಮಾಡಿದ ಹತ್ತು ವಿನ್ಯಾಸ ಸೂತ್ರಗಳಲ್ಲಿಯೇ ಇದೆ. ಇದು ತಯಾರಕರಿಗೆ ಗೊತ್ತಿಲ್ಲದ ಸಂಗತಿಯಲ್ಲ.

ಆದ್ದರಿಂದ ಡೆಮೊಗೆ ಬಂದವರು ಒಂದೊಂದೇ ಮಾಡ್ಯೂಲನ್ನು ಚೆಂದವಾಗಿ ತೋರಿಸುತ್ತಿದ್ದರೆ ಅವರನ್ನು ಅರ್ಧಕ್ಕೇ ನಿಲ್ಲಿಸಿ. ಒಂದೇ ಕೆಲಸವನ್ನು ಎಲ್ಲ ಮಾಡ್ಯೂಲ್‌ಗಳಲ್ಲೂ ಸಾಲಾಗಿ ಮಾಡಿಸಿ ನೋಡಿ: ನಮೂದು ಬರೆದು ಎಸ್ಕೇಪ್ ಒತ್ತುವುದು, ಉಳಿಸಿದ್ದನ್ನು ರದ್ದು ಮಾಡುವುದು, ಅರ್ಧ ಬರೆದದ್ದನ್ನು ಬಿಟ್ಟು ಹೊರಬರುವುದು. ನಿಮ್ಮ ಕೈಯಿಂದಲ್ಲ, ದಿನವಿಡೀ ಅದರ ಮುಂದೆ ಕೂರುವ ಗುಮಾಸ್ತರ ಕೈಯಿಂದಲೇ ಮಾಡಿಸಿ, ಪಕ್ಕದಲ್ಲಿ ಡೀಲರ್ ಮಾತಾಡದೆ ಕೂತಿರಲಿ. ತಿಂಗಳ ಮೊದಲ ಹನ್ನೆರಡು ದಿನಗಳಲ್ಲಿ ಬರುವ ಒಂದು ತಾರೀಖಿನಲ್ಲಿ ಬಿಲ್ ಮಾಡಿ, ಕಂಪ್ಯೂಟರಿನ ಪ್ರಾದೇಶಿಕ ಸೆಟ್ಟಿಂಗನ್ನು ಅಮೆರಿಕದ್ದಕ್ಕೆ ಬದಲಿಸಿ, ವರದಿಯಲ್ಲಿ ಆ ಬಿಲ್ ಯಾವ ತಿಂಗಳಿಗೆ ಬಿತ್ತೆಂದು ನೋಡಿ. ಜೂನ್ 6, ಜುಲೈ 7ರಂಥ ತಾರೀಖು ಮಾತ್ರ ಬೇಡ, ಅವುಗಳಲ್ಲಿ ದೋಷ ಅಡಗಿಯೇ ಇರುತ್ತದೆ. ಯಾರು ಯಾವಾಗ ಏನನ್ನು ತಿದ್ದಿದರು ಎಂಬ ದಾಖಲೆಯುಳ್ಳ ಲೆಕ್ಕದ ತಂತ್ರಾಂಶವನ್ನೇ ಬಳಸಬೇಕೆಂಬ ನಿಯಮ ಕಂಪನಿಗಳಿಗೆ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಪಾಲುದಾರಿಕೆ ಸಂಸ್ಥೆಗಳಿಗೆ ಅದು ಅನ್ವಯಿಸದಿದ್ದರೂ ಆ ಸೌಲಭ್ಯ ಎಲ್ಲ ಮಾಡ್ಯೂಲ್‌ಗಳಲ್ಲೂ ಇದೆಯೇ ಎಂದು ಕೇಳಿ. ನಮ್ಮಲ್ಲಿ ಅದು ಬಿಲ್ಲಿಂಗ್‌ನಲ್ಲಿ ಮಾತ್ರ ಇತ್ತು.

ಈಗಾಗಲೇ ಇಂಥ ಸಮೂಹವನ್ನು ಬಳಸುತ್ತಿರುವವರು ಪ್ರತಿ ತಿಂಗಳು ರಿಟರ್ನ್ ಸಲ್ಲಿಸುವ ಮುನ್ನ ಬಿಲ್ಲಿಂಗ್‌ನ ಒಟ್ಟು ಮೊತ್ತವನ್ನೂ ಬಿಲ್‌ಗಳ ಸಂಖ್ಯೆಯನ್ನೂ ವರದಿಯೊಡನೆ ತಾಳೆ ನೋಡಿ, ಎರಡರಲ್ಲಿ ಒಂದು ಹೊಂದದಿದ್ದರೂ ಫೈಲನ್ನು ಸಿ.ಎ. ಅವರಿಗೆ ಕಳಿಸಬೇಡಿ.