ಗೂಡಿನ ಹಕ್ಕಿಗಳ ಛಾಯಾಗ್ರಹಣ: ದೋಣಿ, ಊರಬೀದಿ, ವೀಕ್ಷಣಾ ಗೋಪುರ

ಗೂಡು ಕಟ್ಟಿ ಮರಿ ಮಾಡುವ ಕಾಲದಲ್ಲಿ ನೀರುಹಕ್ಕಿಗಳ ಚಿತ್ರ ತೆಗೆಯಬಯಸುವವರಿಗೆ ಕರ್ನಾಟಕದಲ್ಲಿ ಮೂರು ಬಗೆಯ ನೆಲೆಗಳಿವೆ: ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟಿನಲ್ಲಿ ದೋಣಿ, ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಊರಬೀದಿ, ಶಿವಮೊಗ್ಗ–ತೀರ್ಥಹಳ್ಳಿ ರಸ್ತೆಯ ಮಂಡಗದ್ದೆಯಲ್ಲಿ ತುಂಗೆಯ ದಡದ ವೀಕ್ಷಣಾ ಗೋಪುರ. ಮೂರೂ ಕಡೆ ನಾನು ಬಳಸಿದ್ದು ಒಂದೇ 150–600 ಮಿ.ಮೀ. ಜೂಮ್ ಲೆನ್ಸ್ ಆದ್ದರಿಂದ, ಚಿತ್ರಗಳಲ್ಲಿ ಕಂಡ ವ್ಯತ್ಯಾಸಕ್ಕೆ ನಿಂತ ಜಾಗವೇ ಮುಖ್ಯ ಕಾರಣವೆಂದು ಹೇಳಬಲ್ಲೆ.

ಪಕ್ಷಿತಜ್ಞ ಸಾಲಿಂ ಅಲಿಯವರ ಸಲಹೆಯ ಮೇರೆಗೆ 1940ರಲ್ಲಿ ಪಕ್ಷಿಧಾಮವಾದ ರಂಗನತಿಟ್ಟಿನಲ್ಲಿ ಹಕ್ಕಿ ಹತ್ತಿರ ಸಿಗುತ್ತದೆ. ಅದಕ್ಕಿಂತ ಮುಖ್ಯವಾಗಿ, ನೀರಿನ ಮಟ್ಟದಿಂದ ಸಿಗುತ್ತದೆ. ಬೇಸಿಗೆಯಲ್ಲಿ ಬರಿಯ ಬಂಡೆಯ ಮೇಲೆ ಮೊಟ್ಟೆಯಿಟ್ಟು ಕೂರುವ ನದಿ ರೀವ (ರಿವರ್ ಟರ್ನ್) ಹಕ್ಕಿಯ ಚಿತ್ರಕ್ಕೆ ಇದಕ್ಕಿಂತ ಒಳ್ಳೆಯ ಕೋನ ಬೇರೆಲ್ಲೂ ನನಗೆ ದೊರೆತಿಲ್ಲ. ಆದರೆ ದೋಣಿ ಸದಾ ಅಲುಗುವುದರಿಂದ ಟ್ರೈಪಾಡ್ ನಿಷ್ಪ್ರಯೋಜಕ. ಕ್ಯಾಮೆರಾವನ್ನು ಕೈಯಲ್ಲೇ ಹಿಡಿದು, ಶಟರ್ ವೇಗವನ್ನು ಸೆಕೆಂಡಿನ 1/1600ಕ್ಕಿಂತ ಕೆಳಗಿಳಿಯಗೊಡಬಾರದು. ಕೃಷ್ಣರಾಜಸಾಗರದಿಂದ ಹೆಚ್ಚು ನೀರು ಬಿಟ್ಟಾಗ ದೋಣಿ ವಿಹಾರವೇ ನಿಂತುಹೋಗುತ್ತದೆ. ಇವೆಲ್ಲಕ್ಕಿಂತ ದೊಡ್ಡ ಕೊರತೆ ಸಮಯದ್ದು. ಗೂಡಿನಲ್ಲಿ ಏನಾದರೂ ನಡೆಯುವವರೆಗೆ ಕಾಯುವ ಅವಕಾಶ ದೋಣಿಯಲ್ಲಿಲ್ಲ, ಬಂಡೆಯ ಮೇಲಿನ ಗೂಡಿನ ಮುಂದೆ ಅದು ಬಹಳ ಹೊತ್ತು ನಿಲ್ಲಲೂಬಾರದು: ತಾಯಿ ಎದ್ದರೆ ಮೊಟ್ಟೆ ಬಿಸಿಲಿಗೂ ಕಾಗೆಗೂ ಒಡ್ಡಿಕೊಳ್ಳುತ್ತದೆ. ಹೆಚ್ಚು ಹತ್ತಿರ ಹೋಗುವಂತೆ ಅಂಬಿಗರನ್ನು ಒತ್ತಾಯಿಸುವವರನ್ನು ಕಂಡಾಗ ನನಗೆ ನಿಜವಾಗಿಯೂ ನೋವಾಗುತ್ತದೆ.

ಕೊಕ್ಕರೆ ಬೆಳ್ಳೂರಿನ ಸ್ಥಿತಿ ಇದಕ್ಕೆ ತೀರಾ ಭಿನ್ನ. ಇಲ್ಲಿ ಹೆಜ್ಜಾರ್ಲೆಗಳೂ (ಪೆಲಿಕನ್) ಬಣ್ಣದ ಕೊಕ್ಕರೆಗಳೂ ಮನೆಗಳ ನಡುವಿನ ಹುಣಸೆ, ಆಲದ ಮರಗಳಲ್ಲೇ ಗೂಡು ಕಟ್ಟುತ್ತವೆ. ಹಕ್ಕಿಗಳನ್ನು ಊರಿನ ಸೌಭಾಗ್ಯವೆಂದು ಬಗೆದು, ಅವುಗಳ ಹಿಕ್ಕೆಯನ್ನು ಗೊಬ್ಬರವಾಗಿ ಬಳಸುತ್ತ ಬಂದ ಈ ಊರು 2007ರಲ್ಲಿ ಸಮುದಾಯ ಮೀಸಲು ಪ್ರದೇಶವಾಯಿತು. ಕೆಳಗೆ ಎತ್ತಿನ ಗಾಡಿ ಹೋಗಲಿ, ಮಕ್ಕಳು ಕೂಗಲಿ, ಮೇಲಿನ ಹಕ್ಕಿಗಳು ಬೆದರುವುದಿಲ್ಲ. ಆದ್ದರಿಂದ ಬೆಳಗಿನಿಂದ ಒಂದೇ ಗೂಡನ್ನು ನೋಡುತ್ತ ಕೂರಬಹುದು. ಬಿಸಿಲೇರಿದಂತೆ ಬಣ್ಣದ ಕೊಕ್ಕರೆ ಸೂರ್ಯನಿಗೆ ಬೆನ್ನು ಮಾಡಿ, ಎರಡೂ ರೆಕ್ಕೆಗಳನ್ನು ಅರ್ಧ ಬಿಚ್ಚಿ ಮರಿಗಳಿಗೆ ನೆರಳಾಗುವುದನ್ನೂ, ಹೆಜ್ಜಾರ್ಲೆಯ ಮರಿ ತಾಯಿಯ ಕೊಕ್ಕಿನ ಚೀಲದೊಳಗೆ ಕತ್ತಿನವರೆಗೂ ತಲೆ ತೂರಿಸಿ ಮೀನು ತಿನ್ನುವುದನ್ನೂ ನಾನು ನೆಮ್ಮದಿಯಿಂದ ಚಿತ್ರಿಸಿದ್ದು ಇಲ್ಲಿ ಮಾತ್ರ. ತೊಂದರೆಯೆಂದರೆ, ಬೀದಿಯಿಂದ ಕಾಣುವುದು ಹಕ್ಕಿಯ ಹೊಟ್ಟೆ ಮತ್ತು ಹಿಂದಿನ ಬೆಳ್ಳನೆಯ ಆಕಾಶ. ಎಕ್ಸ್‌ಪೋಷರನ್ನು ಒಂದು ಸ್ಟಾಪ್‌ನಷ್ಟು (ಅಂದರೆ ಬೆಳಕು ಇಮ್ಮಡಿಯಾಗುವಷ್ಟು) ಹೆಚ್ಚಿಸದಿದ್ದರೆ ಹಕ್ಕಿ ಕಪ್ಪಾಗಿಬಿಡುತ್ತದೆ. ಮನೆಯವರನ್ನು ಕೇಳಿ ತಾರಸಿ ಹತ್ತಲು ಒಪ್ಪಿಗೆ ದೊರೆತರೆ ಈ ಕೊರತೆ ಬಹಳಷ್ಟು ನೀಗುತ್ತದೆ. ಕೇಳದೆ ಹತ್ತುವುದು ಸರ್ವಥಾ ಸಲ್ಲದು.

ಮಂಡಗದ್ದೆಯ ಕಾಲ ಮಳೆಗಾಲ. ನದಿಯ ನಡುಗಡ್ಡೆಯ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಜುಲೈನಿಂದ ಸೆಪ್ಟೆಂಬರ್‌ವರೆಗೆ ಮರಿ ಮಾಡುತ್ತವೆ. ಗೋಪುರ ಮರದ ನೆತ್ತಿಗೆ ಸಮವಾಗಿರುವುದರಿಂದ ಹಿನ್ನೆಲೆಯಲ್ಲಿ ಹಸಿರೂ ಹೊಳೆಯೂ ಬರುತ್ತವೆ, ನಡುವೆ ನೀರಿರುವುದರಿಂದ ನಮ್ಮಿಂದ ಗೂಡಿಗೆ ಕಿರುಕುಳವೂ ಇಲ್ಲ. ಮೋಡದ ಬೆಳಕು ಮಂದವಾಗಿದ್ದು ಐ.ಎಸ್.ಒ. (ಬೆಳಕಿಗೆ ಕ್ಯಾಮೆರಾದ ಸಂವೇದನೆ) 1600ಕ್ಕಿಂತ ಮೇಲೇರಿಸಬೇಕಾಗುತ್ತದೆ ಎಂಬುದು ನಿಜ. ಆದರೆ ಅದೇ ಬೆಳಕಿನಲ್ಲಿ ಬೆಳ್ಳಕ್ಕಿಯ ಬೆನ್ನ ಮೇಲಿನ ನವಿರು ಗರಿಗಳು ಒಂದೊಂದೂ ಬಿಡಿಬಿಡಿಯಾಗಿ ಮೂಡುತ್ತವೆ, ಬೇಸಿಗೆಯ ಬಿಸಿಲಿನಲ್ಲಿ ಅವು ಬಿಳಿಯ ಮುದ್ದೆಯಾಗಿಬಿಡುತ್ತವೆ. ದೂರ ಮಾತ್ರ ಹೆಚ್ಚು, 600 ಮಿ.ಮೀ. ಇದ್ದೂ ಚಿತ್ರದ ಅಂಚನ್ನು ಕತ್ತರಿಸಿ (ಕ್ರಾಪ್ ಮಾಡಿ) ಹಕ್ಕಿಯನ್ನು ದೊಡ್ಡದಾಗಿ ತೋರಿಸಲೇಬೇಕು.

ಗೂಡಿನ ಜೀವನವೇ ಚಿತ್ರದ ವಸ್ತುವಾಗಿದ್ದರೆ ನಾನು ಹಿಂಜರಿಯದೆ ಕೊಕ್ಕರೆ ಬೆಳ್ಳೂರನ್ನೇ ಆರಿಸುತ್ತೇನೆ, ಅದೂ ಮರಿಗಳು ಬೆಳೆಯುತ್ತಿರುವ ಮಾರ್ಚ್ ತಿಂಗಳ ಬೆಳಗಿನಲ್ಲಿ. ಬೆಳ್ಳಕ್ಕಿಗಷ್ಟೇ ಮಂಡಗದ್ದೆ ಮೇಲು. ರಂಗನತಿಟ್ಟಿಗೆ ನದಿ ರೀವಕ್ಕಾಗಿ ಮತ್ತು ಹಾರಾಟದ ಚಿತ್ರಗಳಿಗಾಗಿ ಹೋಗುವುದು ಸರಿ; ಅಲ್ಲಿಗೆ ಕೈಯಲ್ಲಿ ಹಿಡಿಯಲು ಹಗುರವಾದ 100–400 ಮಿ.ಮೀ. ಲೆನ್ಸೇ ಸಾಕು.